‘ಸದ್ದು ಕೇಳಿಸ್ತಿಲ್ಲ!’ – ಓದು ಅನ್ನುವ ಪದದ ಬಗ್ಗೆ

ಹೋದ ತಿಂಗಳು ಕುಶಾಲನಗರದಲ್ಲಿ ನಮ್ಮ ಕಡೆಯವರದೊಂದು ಮದುವೆ ಇತ್ತು. ಊಟಕ್ಕೆ ಎಲೆ ಹಾಕುವ ಹೊತ್ತು. ಅಮ್ಮ ಹತ್ತಿರ ಬಂದು ಮೆಲ್ಲಗೆ, "ಮುಯ್ಯಿ ಓದಿಸಿದೆಯೇನೋ?" ಅಂದರು. ಇಲ್ಲ ಅಂದೆ. "ಮೊದಲು ಓದಿಸಿ ಬಾ, ಆಮೇಲೆ ಊಟ." ಪಕ್ಕದಲ್ಲಿ ನನ್ನ ಮಗಳಿದ್ದಳು, ಏಳನೇ ಕ್ಲಾಸು, ಎಲ್ಲದಕ್ಕೂ ಯಾಕೆ ಅನ್ನುವ ವಯಸ್ಸು. "ಅಪ್ಪಾ, ಕವರಲ್ಲಿ ದುಡ್ಡು ಹಾಕಿ ಕೊಡೋದಕ್ಕೆ ಓದಿಸೋದು ಅಂತ ಯಾಕೆ ಹೇಳ್ತಾರೆ? ಅದರಲ್ಲಿ ಓದೋಕೆ ಏನಿದೆ?"

ನಾನು ಹುಟ್ಟಿದಾಗಿನಿಂದ ಈ ಮಾತು ಕೇಳಿದ್ದೇನೆ. ಒಂದು ಸಲವೂ ಹಾಗೆ ಯೋಚಿಸಿರಲಿಲ್ಲ.

ಅಮ್ಮನ ಹತ್ತಿರ ಉತ್ತರ ರೆಡಿ ಇತ್ತು. ಅವರ ಕಾಲದಲ್ಲಿ ಮದುವೆ ಚಪ್ಪರದಲ್ಲಿ ಪುರೋಹಿತರೋ, ಗಂಟಲು ಚೆನ್ನಾಗಿರುವ ಹಿರಿಯರೋ ನಿಂತು ಪ್ರತಿಯೊಬ್ಬರ ಉಡುಗೊರೆಯನ್ನೂ ಕೂಗಿ ಹೇಳುತ್ತಿದ್ದರಂತೆ. ಇಂಥ ಊರಿನ ಇಂಥವರು ಹುಡುಗಿಗೆ ಓದಿಸಿದ್ದು ಒಂದು ಹಿತ್ತಾಳೆ ಬಿಂದಿಗೆ, ಇಂಥವರು ಹುಡುಗನಿಗೆ ಓದಿಸಿದ್ದು ಹನ್ನೊಂದು ರೂಪಾಯಿ, ಹೀಗೆ. ಇಡೀ ಚಪ್ಪರಕ್ಕೆ ಕೇಳಿಸಬೇಕು. ಕೊಟ್ಟವರಿಗೆ ಹೆಮ್ಮೆ, ಕಡಿಮೆ ಕೊಟ್ಟವರಿಗೆ ಮುಖ ಸಣ್ಣದು, ಮತ್ತು ಮುಂದಿನ ಮದುವೆಗೆ ಯಾರು ಯಾರಿಗೆ ಎಷ್ಟು ವಾಪಸ್ ಮಾಡಬೇಕು ಅನ್ನುವುದಕ್ಕೆ ಇಡೀ ಊರೇ ಸಾಕ್ಷಿ. ಈಗ ಕವರ್ ಬಂತು, ಕೂಗು ಹೋಯಿತು. ಪದ ಮಾತ್ರ ಉಳಿಯಿತು.

ಇದು ಬರೀ ನಮ್ಮ ಮಾತಿನ ಚಾಳಿಯಲ್ಲ. ತೆಲುಗಿನವರು ಮದುವೆ ಉಡುಗೊರೆಗೆ ‘ಚದಿವಿಂಪುಲು’ ಅನ್ನುತ್ತಾರೆ. ಚದುವು ಅಂದರೆ ತೆಲುಗಿನಲ್ಲಿ ಓದು. ಅಂದರೆ ಅವರದೂ ‘ಓದಿಸುವಿಕೆ’ಯೇ. ಪದ ಬೇರೆ, ಲೆಕ್ಕಾಚಾರ ಅದೇ.

ಅವತ್ತಿನಿಂದ ಈ ಓದು ನನ್ನ ತಲೆಗೆ ಹತ್ತಿಕೊಂಡಿದೆ. ನಮಗೆಲ್ಲ ಓದು ಅಂದರೆ ಕಣ್ಣಿನ ಕೆಲಸ ಅಲ್ವಾ? ಪುಸ್ತಕ ಬೇಕು, ಅಕ್ಷರ ಬೇಕು, ಬೆಳಕು ಬೇಕು, ವಯಸ್ಸಾದರೆ ಕನ್ನಡಕ ಬೇಕು. ಆದರೆ ಈ ಪದದ ಬುಡ ಕಣ್ಣಿನಲ್ಲಿಲ್ಲ. ಬಾಯಲ್ಲಿದೆ. ಗಟ್ಟಿಯಾಗಿ ಹೇಳು, ಬಾಯಿಪಾಠವಾಗಿ ಒಪ್ಪಿಸು ಅನ್ನುವುದೇ ಇದರ ಹಳೆಯ ಅರ್ಥ. ಪುಸ್ತಕ ಆಮೇಲೆ ಬಂದು ಸೇರಿಕೊಂಡಿದ್ದು.

ಇದನ್ನು ತಿಳಿಯೋಕೆ ನಾನು ನಿಘಂಟಿನವರೆಗೆ ಹೋಗಬೇಕಾಗೇ ಇರಲಿಲ್ಲ. ನಾನು ಬೆಳೆದ ಲೈನ್‌ಮನೆ ಸಾಲಿನಲ್ಲೇ, ಅಂದರೆ ತೋಟದ ಕೆಲಸದವರಿಗೆ ಕಟ್ಟಿಸಿದ ಸಾಲುಮನೆಗಳಲ್ಲೇ, ಇದು ದಿನಾ ಕಿವಿಗೆ ಬೀಳುತ್ತಿತ್ತು.

ಅಪ್ಪ ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಹೊರಗಿನವರಿಗೆ ಒಂದು ಮಾತು: ನಮ್ಮ ಕಡೆ ರೈಟರ್ ಅಂದರೆ ಕತೆ ಬರೆಯುವವರಲ್ಲ, ತೋಟದ ಲೆಕ್ಕ ಬರೆಯುವವರು. ಬೆಳಿಗ್ಗೆ ಹಾಜರಿ, ಚೆಕ್‌ರೋಲು ಅನ್ನುವ ಹಾಜರಿ ಪುಸ್ತಕ, ವಾರಕ್ಕೊಮ್ಮೆ ಕೂಲಿ ಬಟವಾಡೆ. ಲೈನ್‌ಮನೆಗಳಲ್ಲಿ ಎಲ್ಲ ಭಾಷೆಯವರೂ ಇದ್ದರು. ತಮಿಳು, ಮಲಯಾಳ, ತುಳು, ಮೈಸೂರು ಕಡೆಯ ಕನ್ನಡ. ನಮ್ಮ ಪಕ್ಕದ ಮನೆಯಲ್ಲಿ ಮಲಯಾಳ ಮಾತಾಡುವ ಮುಸ್ಲಿಂ ಕುಟುಂಬ. ಆ ಮನೆಯ ಹೆಂಗಸನ್ನು ನಾವು ‘ಇತ್ತಾ’ ಅಂತ ಕರೆಯುತ್ತಿದ್ದೆವು, ಅಕ್ಕ ಅಂತ ಅರ್ಥ. ಅವರ ಮಕ್ಕಳಿಬ್ಬರೂ ನನ್ನ ವಯಸ್ಸಿನವರು. ಬೆಳಗಾಗುತ್ತಲೇ ಆಟಕ್ಕೆ ಕರೆಯೋಕೆ ಹೋದರೆ ಇತ್ತಾ ಹೇಳುತ್ತಿದ್ದದ್ದು, "ಓದಾನ್ ಪೋಯಿ." ಓದೋಕೆ ಹೋದರು ಅಂತ. ಹತ್ತು ಗಂಟೆ ಮೇಲೆ ಯಾರಾದರೂ ಕೇಳಿದರೆ, "ಪಡಿಕ್ಕಾನ್ ಪೋಯಿ." ಕಲಿಯೋಕೆ ಹೋದರು ಅಂತ. ಒಂದೇ ಮಕ್ಕಳು, ಬೆಳಿಗ್ಗೆ ಒಂದು ಪದ, ಆಮೇಲೆ ಇನ್ನೊಂದು ಪದ. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಇತ್ತಾ ಏನೋ ಸುಮ್ನೆ ಬದಲಾಯಿಸಿ ಹೇಳ್ತಾರೆ ಅಂದುಕೊಂಡಿದ್ದೆ.

ಸುಮ್ನೆ ಅಲ್ಲ. ಬೆಳಿಗ್ಗೆ ಹೋಗುತ್ತಿದ್ದದ್ದು ಮದರಸಕ್ಕೆ. ಅಲ್ಲಿ ಖುರ್‌ಆನ್ ಅನ್ನು ರಾಗವಾಗಿ, ಗಟ್ಟಿಯಾಗಿ, ಉಚ್ಚಾರ ತಪ್ಪದ ಹಾಗೆ ಹೇಳಬೇಕು. ಅದು ‘ಓದು’. ಆಮೇಲೆ ಹೋಗುತ್ತಿದ್ದದ್ದು ಸರ್ಕಾರಿ ಶಾಲೆಗೆ, ನನ್ನ ಜೊತೆಗೇ. ಅದು ‘ಪಡಿ’. ಮಲಯಾಳದಲ್ಲಿ ಪುಸ್ತಕ ಓದೋಕೆ ಮೂರನೆಯ ಪದವೇ ಇದೆ, ‘ವಾಯಿಕ್ಕುಕ’. ‘ಓದುಕ’ ಅನ್ನುವುದನ್ನು ಅವರು ಮಂತ್ರ, ಖುರ್‌ಆನ್, ವೇದ ಇಂಥ ಬಾಯಲ್ಲಿ ಹೇಳುವ ಸಂಗತಿಗಳಿಗೇ ಇಟ್ಟುಕೊಂಡಿದ್ದಾರೆ. ಕೇರಳದಲ್ಲಿ ಖುರ್‌ಆನ್ ಕಲಿಸುವ ಹಳೆಯ ಕಾಲದ ಶಾಲೆಗೆ ‘ಓತ್ತುಪಳ್ಳಿ’ ಅಂತ ಹೆಸರು. ಅದೇ ಮಲಯಾಳದಲ್ಲಿ ನಂಬೂದಿರಿ ಬ್ರಾಹ್ಮಣರ ವೇದ ಪಠಣಕ್ಕೂ ‘ಓತ್ತ್’ ಅನ್ನುತ್ತಾರೆ. ಮಸೀದಿ ಮಗ್ಗುಲಿಗೂ ಒಂದೇ ಪದ, ಯಜ್ಞಶಾಲೆಗೂ ಒಂದೇ ಪದ. ಇನ್ನೂ ಚಂದ ಅಂದರೆ ಖುರ್‌ಆನ್ ಅನ್ನುವ ಅರಬ್ಬಿ ಹೆಸರಿಗೇ ‘ಪಠಣ’ ಅಂತ ಅರ್ಥ. ಅಂದರೆ ಇತ್ತಾ ಅರಬ್ಬಿಯ ಆ ಅರ್ಥವನ್ನು ನಮ್ಮ ದ್ರಾವಿಡ ಪದದಲ್ಲಿ ಅಷ್ಟು ಸರಿಯಾಗಿ ಹೇಳುತ್ತಿದ್ದರು, ನಾನು ಆಟಕ್ಕೆ ಯಾರೂ ಸಿಗಲಿಲ್ಲ ಅಂತ ಮುಖ ಊದಿಸಿಕೊಂಡು ವಾಪಸ್ ಬರುತ್ತಿದ್ದೆ.

ತಮಿಳಿನಲ್ಲೂ ಹೀಗೇ. ಪುಸ್ತಕ ಓದೋದಕ್ಕೂ ಶಾಲೆ ಓದಿಗೂ ‘ಪಡಿ’. ‘ಓದು’ ಅಂದರೆ ಪಠಿಸು, ಜಪಿಸು. ತಮಿಳುನಾಡಿನ ಶಿವನ ಗುಡಿಗಳಲ್ಲಿ ತೇವಾರಂ ಅನ್ನುವ ಶಿವಸ್ತುತಿಗಳನ್ನು ಹಾಡುವವರಿಗೆ ‘ಓದುವಾರ್’ ಅಂತಲೇ ಹೆಸರು. ಅವರು ಪುಸ್ತಕ ಹಿಡಿದು ಕೂತವರಲ್ಲ, ಎದೆ ತುಂಬಿ ಹಾಡುವವರು. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲೂ ಕಲಿಯೋದಕ್ಕೆ ‘ಪಡಿ’ ಬಳಕೆಯಲ್ಲಿದೆ. ಹೀಗೆ ಅಕ್ಕಪಕ್ಕದವರು ಒಂದೊಂದು ಕೆಲಸಕ್ಕೆ ಒಂದೊಂದು ಪದ ಹಂಚಿಕೊಂಡರೆ, ನಾವು ಕನ್ನಡದವರು ಎಲ್ಲ ಭಾರವನ್ನೂ ಓದಿನ ಮೇಲೇ ಹೊರಿಸಿದೆವು. ಪತ್ರಿಕೆ ಓದುತ್ತೇವೆ, ಬಿ.ಕಾಂ. ಓದುತ್ತೇವೆ, ಮಂತ್ರ ಓದುತ್ತೇವೆ, ಮುಯ್ಯಿ ಓದಿಸುತ್ತೇವೆ, ಮಗನನ್ನು ಮಂಗಳೂರಿನಲ್ಲಿ ಓದಿಸುತ್ತೇವೆ. ಬಸ್ಸಿನಲ್ಲಿ ಪಕ್ಕ ಕೂತವರು "ಏನು ಓದಿದ್ದೀರಿ?" ಅಂತ ಕೇಳಿದರೆ ನಾವ್ಯಾರೂ ಪುಸ್ತಕದ ಹೆಸರು ಹೇಳುವುದಿಲ್ಲ, ಡಿಗ್ರಿ ಹೇಳುತ್ತೇವೆ.

ಇಲ್ಲಿ ಒಂದು ಸಣ್ಣ ಜಗಳವನ್ನೂ ಹೇಳಿಬಿಡುತ್ತೇನೆ. ನನ್ನ ಗೆಳೆಯನೊಬ್ಬ, ಗುರುವಿಗೆ ಹಳೆಗನ್ನಡದಲ್ಲಿ ‘ಓಜ’ ಅಂತಾರಲ್ಲ, ಅದೂ ಓದಿನಿಂದಲೇ ಬಂದಿದ್ದು ಅಂತ ಹಟ ಹಿಡಿದ. ಕೇಳೋಕೆ ಸರಿ ಅನಿಸುತ್ತದೆ. ಆದರೆ ಅಲ್ಲ. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದಲ್ಲಿ ಸವೆದು ಸವೆದು ಓಜ ಆಯಿತು. ಉತ್ತರದ ಕಡೆ ಓಝಾ, ಝಾ ಅನ್ನುವ ಮನೆತನದ ಹೆಸರುಗಳೂ ಅದೇ ಉಪಾಧ್ಯಾಯರ ಮಕ್ಕಳು. ಗೆಳೆಯ ಇನ್ನೂ ಒಪ್ಪಿಲ್ಲ, ಬಿಡಿ.

ಹಳೆಯ ಕನ್ನಡದಲ್ಲಿ ಓದು ಹೇಗಿತ್ತು ಅಂತ ನೋಡುವಾಗ ನನಗೆ ಮೊದಲು ನೆನಪಾಗಿದ್ದು ಅಲ್ಲಮನ ವಚನ. "ವೇದವೆಂಬುದು ಓದಿನ ಮಾತು, ಶಾಸ್ತ್ರವೆಂಬುದು ಸಂತೆಯ ಸುದ್ದಿ." ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಬರೆದಾಗ, ವೇದ ಅನ್ನೋದು ಪುಸ್ತಕದ ಬದನೆಕಾಯಿ ಅಂತ ಅಲ್ಲಮ ಹೇಳ್ತಿದ್ದಾನೆ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಈಗ ನೋಡಿದರೆ ಹಾಗಲ್ಲ ಅನಿಸುತ್ತದೆ. ವೇದ ಪುಸ್ತಕವೇ ಅಲ್ಲವಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಅಲ್ಲಿಂದ ಅವನ ಬಾಯಿಗೆ, ತಲೆತಲಾಂತರ. ಹನ್ನೆರಡನೇ ಶತಮಾನದ ಅಲ್ಲಮ ಓದಿನ ಮಾತು ಅಂದಾಗ ಅವನ ಕಿವಿಯಲ್ಲಿದ್ದದ್ದು ಹುಡುಗರ ಗುಂಪು ಒಂದೇ ದನಿಯಲ್ಲಿ ಒಪ್ಪಿಸುವ ಸದ್ದು. ಪುಟ ತಿರುಗಿಸುವ ಸದ್ದಲ್ಲ. ಹಾಗೆ ನೋಡಿದರೆ ಅವನ ಚುಚ್ಚು ಇನ್ನೂ ಚೂಪಾಗುತ್ತದೆ, ಯಾಕೆಂದರೆ ಪಕ್ಕದಲ್ಲೇ ಸಂತೆಯ ಸುದ್ದಿ ಇದೆ, ಎರಡೂ ಗಲಾಟೆಯೇ.

ಅದಕ್ಕೂ ಹಿಂದಿನದು ಕವಿರಾಜಮಾರ್ಗ. ಸುಮಾರು 850ರ ಹೊತ್ತಿನದು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅನ್ನುವ ಮಾತು ಇರುವುದು ಅದರಲ್ಲೇ. (ಆ ಕಾವೇರಿ ಹುಟ್ಟೋದು ನಮ್ಮ ತಲಕಾವೇರಿಯಲ್ಲಿ, ಅದನ್ನು ಹೇಳದೆ ಮುಂದೆ ಹೋದರೆ ನಮ್ಮೂರಿನವರು ಸುಮ್ಮನಿರುವುದಿಲ್ಲ.) ಅದೇ ಗ್ರಂಥದಲ್ಲಿ ಇನ್ನೊಂದು ಸಾಲು ಇದೆ, ನವೆಂಬರ್ ಬಂದರೆ ಎಲ್ಲ ವೇದಿಕೆಗಳಲ್ಲೂ ಕೇಳಿಸುತ್ತದೆ: "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್." ಬಿಡಿಸಿದರೆ, ಕುರಿತು ಓದದೆಯೂ. ಕನ್ನಡ ನಾಡಿನ ಜನ ಇದಕ್ಕಂತಲೇ ಕೂತು ಓದದಿದ್ದರೂ ಕಾವ್ಯ ಕಟ್ಟುವುದರಲ್ಲಿ ಜಾಣರು ಅಂತ.

ಭಾಷಣಕಾರರು ಇದನ್ನು ಹೇಳುವಾಗ ಅಕ್ಷರ ಬರದಿದ್ದರೂ ಕವಿಗಳು ಅಂತ ಹೇಳಿ ಚಪ್ಪಾಳೆ ತಗೊಳ್ಳುತ್ತಾರೆ. ನನಗೆ ಅನಿಸೋದು ಬೇರೆ. ಅಲ್ಲಿ ಓದು ಅಂದರೆ ಅಕ್ಷರ ಗುರುತಿಸೋದಲ್ಲ, ಗುರುವಿನ ಮುಂದೆ ಕೂತು ಹೇಳಿಸಿಕೊಂಡು ಕಲಿಯೋದು. ಆ ಪಾಠವಿಲ್ಲದೆಯೂ ಜನರ ಬಾಯಲ್ಲಿ ಪದ್ಯ ನಿಲ್ಲುತ್ತಿತ್ತು ಅನ್ನುವುದು ಕವಿರಾಜಮಾರ್ಗ ಬರೆದವನ ಬೆರಗು. ‘ಕುರಿತು’ ಅನ್ನುವ ಪುಟ್ಟ ಪದ ನೋಡಿ. ಗುರಿ ಇಟ್ಟು, ಹಟ ಹಿಡಿದು ಅನ್ನುವ ಭಾವ ಅದರಲ್ಲಿದೆ. ಹಟ ಹಿಡಿದು ಓದದವರೂ ಓದದೇನೂ ಇರಲಿಲ್ಲ, ಕೇಳಿ ಕೇಳಿ ಬಾಯಿಗೆ ತಂದುಕೊಂಡಿದ್ದರು.

ಇದಕ್ಕೆ ಉದಾಹರಣೆ ನೋಡಬೇಕು ಅಂದರೆ ನಮ್ಮ ಜಿಲ್ಲೆಯ ಕೊಡವರ ಮದುವೆಗೆ ಹೋಗಿ. ಅಲ್ಲಿ ಮಂತ್ರ ಹೇಳುವ ಪುರೋಹಿತರಿರುವುದಿಲ್ಲ. ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರು ‘ಬಾಳೋ ಬಾಳೋ’ ಅಂತ ಶುರು ಮಾಡಿದರೆ ಸಾಲಿಗೆ ಸಾಲು ಜೋಡಿಸಿಕೊಂಡು ಹೋಗುತ್ತಲೇ ಇರುತ್ತಾರೆ. ಕೈಯಲ್ಲಿ ದುಡಿ ಇರುತ್ತದೆಯೇ ಹೊರತು ಚೀಟಿ ಇರುವುದಿಲ್ಲ. ಈ ಪಾಟ್‌ಗಳು, ಅಂದರೆ ಹಾಡುಗಳು, ಬಹಳ ಕಾಲ ಬಾಯಲ್ಲೇ ಇದ್ದವು. ನಡಿಕೇರಿಯಂಡ ಚಿಣ್ಣಪ್ಪನವರು ಅವನ್ನು ಕೂಡಿಸಿ, ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ ‘ಪಟ್ಟೋಲೆ ಪಳಮೆ’ ಅಂತ ಅಚ್ಚು ಹಾಕಿಸಿದರು. ಅಷ್ಟರ ಮೇಲೆ ಅದು ನಾವು ಹೇಳುವ ಅರ್ಥದಲ್ಲಿ ಓದುವ ವಸ್ತುವಾಯಿತು. ಪುಸ್ತಕ ನಮ್ಮನೆಯಲ್ಲೂ ಇದೆ. ಮನಸ್ಸಿನಲ್ಲೇ ಓದಿದರೆ ಅದು ಒಂಥರಾ ಒಣ ಮೆಣಸಿನಕಾಯಿಯ ಹಾಗೆ, ಖಾರ ಇದೆ, ಪರಿಮಳ ಇಲ್ಲ.

ಬೇರೆ ದೇಶದವರು ಓದನ್ನು ಎಲ್ಲಿಂದ ತಂದರು ಅಂತಲೂ ಸ್ವಲ್ಪ ನೋಡಿದೆ. ಇಂಗ್ಲಿಷಿನ ರೀಡ್ ಮೊದಲಿಗೆ ಸಲಹೆ ಕೊಡು, ಒಗಟು ಬಿಡಿಸು ಅನ್ನುವ ಅರ್ಥದಲ್ಲಿತ್ತು. ಒಗಟಿಗೆ ಅವರು ಹೇಳುವ ರಿಡಲ್ ಕೂಡ ಅದರ ತಂಗಿಯೇ. ಅವರಿಗೆ ಓದು ಅಂದರೆ ತಲೆ ಕೆಲಸ. ಲ್ಯಾಟಿನ್ನಿನ ‘ಲೆಗೆರೆ’ ನನಗೆ ಜಾಸ್ತಿ ಇಷ್ಟವಾಯಿತು. ಅದರ ಮೊದಲ ಅರ್ಥ ಆಯು, ಕೊಯ್ದು ಕೂಡಿಸು. ಲೆಕ್ಚರ್, ಲೆಸನ್ ಎಲ್ಲ ಅಲ್ಲಿಂದ ಬಂದಿದ್ದು. ಜರ್ಮನ್ನರ ‘ಲೇಜೆನ್’ ಇವತ್ತಿಗೂ ಓದು ಮತ್ತು ಆಯು ಎರಡೂ ಹೌದು, ದ್ರಾಕ್ಷಿ ಕೊಯ್ಲಿನ ಹೆಸರಿನಲ್ಲೂ ಅದೇ ಪದ ಇದೆ. ಕಾಫಿ ತೋಟದಲ್ಲಿ ಬೆಳೆದವನಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮೊದಲ ಸುತ್ತಿನ ಫ್ಲೈ ಪಿಕಿಂಗ್‌ನಲ್ಲಿ ಹೆಂಗಸರು ಗೊಂಚಲಿನೊಳಗೆ ಬೆರಳು ತೂರಿಸಿ, ಹಸಿರನ್ನು ಬಿಟ್ಟು ಕೆಂಪಗಾದ ಹಣ್ಣನ್ನು ಮಾತ್ರ ಬಿಡಿಸುತ್ತಾರಲ್ಲ, ಸಾಲಿನ ಮೇಲೆ ಕಣ್ಣು ಹೋಗೋದೂ ಹಾಗೇ. ಅವರ ಓದು ಕೈಯಿಂದ ಹುಟ್ಟಿತು. ನಮ್ಮದು ಗಂಟಲಿನಿಂದ.

ಗಂಟಲಿನ ಓದು ನಮ್ಮಲ್ಲಿ ಪೂರ್ತಿ ಸತ್ತಿಲ್ಲ. ಮಳೆ ಕೈಕೊಟ್ಟರೆ ಬಯಲುಸೀಮೆಯ ಊರುಗಳಲ್ಲಿ ವಿರಾಟಪರ್ವ ‘ಓದಿಸುವುದು’ ಇತ್ತು. ಅಲ್ಲಿ ಒಬ್ಬರು ಓದುತ್ತಾರೆ, ಊರೆಲ್ಲ ಕೂತು ಕೇಳುತ್ತದೆ. (ಕೊಡಗಿನಲ್ಲಿ ಮಳೆ ನಿಲ್ಲಿಸೋಕೆ ಏನು ಓದಿಸಬೇಕೋ, ಯಾರಾದರೂ ಹೇಳಿದರೆ ಜುಲೈಗೆ ಉಪಯೋಗವಾಗುತ್ತದೆ.) ದರ್ಗಾಗಳಿಗೆ ಹೋದವರು ಸಕ್ಕರೆ ‘ಓದಿಸಿಕೊಂಡು’ ಬರುತ್ತಾರೆ. ಸಕ್ಕರೆಯ ಮೇಲೆ ಅಕ್ಷರ ಇರುವುದಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಇನ್ನು ನಮ್ಮ ಅಮ್ಮಂದಿರು. ಪರೀಕ್ಷೆ ಹತ್ತಿರ ಬಂದಾಗ ಅಡುಗೆಮನೆಯಿಂದ ಕೂಗು ಬರುತ್ತಿತ್ತಲ್ಲ, "ಏನೋ, ಸದ್ದೇ ಕೇಳಿಸ್ತಿಲ್ಲ! ಓದ್ತಿದ್ದೀಯೋ, ನಿದ್ದೆ ಮಾಡ್ತಿದ್ದೀಯೋ?" ಮನಸ್ಸಿನಲ್ಲೇ ಓದ್ತಿದ್ದೀನಮ್ಮ ಅಂದರೆ ನಂಬುತ್ತಿರಲಿಲ್ಲ. "ಸದ್ದು ಬರಲಿ." ಸಾವಿರ ವರ್ಷದ ಹಳೆಯ ಅರ್ಥವನ್ನು ಅವರು ಒಗ್ಗರಣೆ ಹಾಕುತ್ತಲೇ ಕಾಯ್ದುಕೊಂಡು ಬಂದಿದ್ದರು. ನಾನು ಅವರ ಕಾಟಕ್ಕೆ ಇತಿಹಾಸ ಪುಸ್ತಕದ ಒಂದೇ ಪ್ಯಾರಾವನ್ನು ಗಟ್ಟಿಯಾಗಿ ನಾಲ್ಕು ಸಲ ಹೇಳುತ್ತಾ, ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಸದ್ದಿದ್ದ ಮಾತ್ರಕ್ಕೆ ಓದು ಅಲ್ಲ ಅನ್ನುವುದಕ್ಕೆ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇ ಸಾಕ್ಷಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುವ ಗಾದೆಯನ್ನು ನನಗೆ ಆ ಬೇಸಿಗೆಯಲ್ಲಿ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ.

ಮತ್ತೆ ಲೈನ್‌ಮನೆಗೆ ಬರುತ್ತೇನೆ, ಒಬ್ಬರನ್ನು ಹೇಳದೆ ಬಿಡೋಕಾಗಲ್ಲ.

ಸಂಜೆ ಹೊತ್ತು ನಮ್ಮ ಮನೆ ಜಗುಲಿಗೆ ಜನ ಕಾಗದ ಹಿಡಿದು ಬರುತ್ತಿದ್ದರು. ಫೋನ್ ಇಲ್ಲದ ಕಾಲ. "ರೈಟ್ರೇ, ಇದನ್ನ ಸ್ವಲ್ಪ ಓದಿ ಹೇಳಿ." ಓದಿ ಹೇಳಿ. ಈ ಜೋಡಿ ಮಾತನ್ನು ಈಗ ಯೋಚಿಸಿದರೆ ಮಜಾ ಅನಿಸುತ್ತದೆ. ಓದು ಬಾಯಿ ಮುಚ್ಚಿಕೊಂಡ ಮೇಲೆ ತಾನೇ ಅದಕ್ಕೆ ಇನ್ನೊಂದು ‘ಹೇಳು’ ಸೇರಿಸಬೇಕಾಗಿ ಬಂದಿದ್ದು? ಅಪ್ಪ ಕನ್ನಡಕ ಹಾಕಿಕೊಂಡು ಶುರು ಮಾಡುತ್ತಿದ್ದರು. ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಬರೆಯಿರಿ, ಆಮೇಲೆ ಮಳೆ, ದನ, ಸಾಲ, ಯಾರದೋ ಹೆರಿಗೆ. ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ಇದ್ದರು. ಅವರ ಮಗಳು ಕಾಗದ ಬರೆಸುತ್ತಿದ್ದಳು. ಅಜ್ಜಿ ಪೂರ್ತಿ ಕೇಳಿ, "ಇನ್ನೊಂದು ಸಲ" ಅನ್ನುತ್ತಿದ್ದರು. ಅಪ್ಪ ಇನ್ನೊಂದು ಸಲ ಓದುತ್ತಿದ್ದರು. ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಕಾಗದ ಮಡಚಿ ಕೊಟ್ಟರೆ ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದರು.

ಒಂದು ದಿನ ಅಮ್ಮ ನನ್ನನ್ನು ಲೈನ್‌ಮನೆ ಕಡೆ ಏನೋ ತರೋಕೆ ಕಳಿಸಿದ್ದರು. ಅಜ್ಜಿ ಒಲೆ ಮುಂದೆ ಕೂತು ನಾಲ್ಕೈದು ಹೆಂಗಸರಿಗೆ ಮಗಳ ಕಾಗದ ಹೇಳುತ್ತಿದ್ದರು. ಕಾಗದ ಕೈಯಲ್ಲಿಲ್ಲ. ‘ಇಲ್ಲಿ ಎಲ್ಲರೂ ಕ್ಷೇಮ’ದಿಂದ ಹಿಡಿದು ಕೊನೆಯ ‘ಇಂತಿ ನಿಮ್ಮ’ದವರೆಗೆ ಒಂದು ಪದ ಆಚೀಚೆ ಆಗದ ಹಾಗೆ, ಅಪ್ಪ ಎಲ್ಲಿ ಕೆಮ್ಮಿ ನಿಲ್ಲಿಸಿದ್ದರೋ ಅಲ್ಲೇ ನಿಲ್ಲಿಸಿ. ಮನೆಗೆ ಬಂದು ಇದನ್ನು ಹೇಳಿದರೆ ಅಮ್ಮ ಅಂದರು, "ಪಾಪ, ಆ ಅಜ್ಜಿಗೆ ಓದು ಬರಲ್ಲ ಕಣೋ." ನಾನೂ ಹೌದು ಅಂದುಕೊಂಡೆ. ಬಟವಾಡೆ ದಿನ ಅವರು ಹೆಬ್ಬೆಟ್ಟು ಒತ್ತುತ್ತಿದ್ದದ್ದನ್ನು ನೋಡಿದ್ದೆನಲ್ಲ.

ಈಗ ಅಪ್ಪನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದೆ. ಬೆಳಿಗ್ಗೆ ‘ಶಕ್ತಿ’ ಪೇಪರ್ ಬಂದ ಕೂಡಲೇ ಮೊಮ್ಮಗಳನ್ನು ಕರೆಯುತ್ತಾರೆ. ಮೊನ್ನೆ ಜೋರು ಮಳೆ, ಶಾಲೆಗೆ ರಜೆ ಕೊಟ್ಟಿದ್ದರು. ಅವಳು ಪೇಪರ್ ಹಿಡಿದು ಕೂತಳು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

"ಓದಮ್ಮ," ಅಂದರು ಅಪ್ಪ.

"ಓದ್ತಾ ಇದ್ದೀನಿ ತಾತ."

"ಎಲ್ಲಿ ಓದ್ತಿದ್ದೀಯಾ? ನನಗೆ ಕೇಳಿಸ್ಲೇ ಇಲ್ಲ."

ನಾನು ಕಾಫಿ ಲೋಟ ಹಿಡಿದುಕೊಂಡು ನಗುತ್ತಾ ನಿಂತಿದ್ದೆ. ಅವಳು ಮೊದಲು ನಿಧನದ ಸುದ್ದಿಗಳನ್ನು ಓದಿದಳು, ಕೊಡಗಿನ ಹಿರಿಯರಿಗೆ ಪೇಪರ್ ಅಲ್ಲಿಂದಲೇ ಶುರುವಾಗಬೇಕು. ಆಮೇಲೆ ಮಳೆ ಲೆಕ್ಕ. ಇಂಚು, ಸೆಂಟು ಅಂತ ಊರೂರಿನದ್ದು ಓದುತ್ತಾ ಹೋದಳು. ಸುಂಟಿಕೊಪ್ಪ ಬಂದಾಗ ಅಪ್ಪ ಕೈ ಎತ್ತಿ ನಿಲ್ಲಿಸಿದರು.

"ಎಷ್ಟು ಅಂದೆ? ಇನ್ನೊಂದು ಸಲ."